ದಂತ, ದಾರು, ಶಿಲೆ

ಶ್ರಾವಕಾಚಾರವನ್ನು ನಿರೂಪಿಸಿದ ಆಚಾರ್ಯರು ಗೃಹಸ್ಥನಿಗೆ ವ್ಯಾಪಾರವನ್ನು ನಿಷೇಧಿಸಲಿಲ್ಲ. ಆದರೆ ಯಾವ ವಸ್ತುವಿನ ವ್ಯಾಪಾರ, ಯಾವ ಜೀವದ ಬೆಲೆಯ ಮೇಲಿನ ಲಾಭ ಎಂಬ ಪ್ರಶ್ನೆಯನ್ನು ಅವರು ಸಡಿಲವಾಗಿಯೂ ಬಿಡಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ತೊರೆಯಬೇಕಾದ ಹದಿನೈದು ವೃತ್ತಿಗಳನ್ನು ಹೆಸರಿಸುತ್ತದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರೂ ಸಾಗಾರಧರ್ಮಾಮೃತದಲ್ಲಿ ಅವನ್ನು ಖರಕರ್ಮಗಳೆಂದು ಪ್ರಸ್ತಾಪಿಸುತ್ತಾರೆ. ಆ ಹದಿನೈದರಲ್ಲಿ ಮೂರು ವೃತ್ತಿಗಳು ಶಿಲ್ಪಕಲೆಗೆ ನೇರವಾಗಿ ತಾಗುವಂಥವು. ಕಾಡು ಕಡಿದು ಜೀವಿಸುವ ವನಕರ್ಮ, ನೆಲ ಅಗೆದು ಕಲ್ಲು ಸೀಳುವ ಸ್ಫೋಟಕರ್ಮ, ದಂತ ಮೊದಲಾದ ಪ್ರಾಣಿಗಳ ಅಂಗಗಳನ್ನು ಕೊಂಡು ಮಾರುವ ದಂತವಾಣಿಜ್ಯ. ದಾರು, ಶಿಲೆ, ದಂತ ಎಂಬ ಈ ಮೂರನ್ನೂ ಬಿಟ್ಟರೆ ಶಿಲ್ಪಿಯ ಕೈಯಲ್ಲಿ ಉಳಿಯುವುದು ಅಲ್ಪವೇ.

ಮೈಸೂರು ನಗರದ ಕೀರ್ತಿಯ ಒಂದು ಪಾಲು ನಿಂತಿರುವುದು ಈ ಮೂರು ವಸ್ತುಗಳ ಮೇಲೆಯೇ. 1897ರ ಬೆಂಕಿಯಲ್ಲಿ ಹಳೆಯ ಮರದ ಅರಮನೆ ನಾಶವಾದ ಮೇಲೆ ಕಟ್ಟಲು ತೊಡಗಿ 1912ರಲ್ಲಿ ಪೂರ್ಣಗೊಂಡ ಇಂದಿನ ಅರಮನೆಯಲ್ಲಿ, ಅಂಬಾವಿಲಾಸದ ಬೀಟೆಮರದ ಬಾಗಿಲು ದಂತಖಚಿತವಾದುದು. ನೆರೆಯ ಶ್ರೀರಂಗಪಟ್ಟಣದ ಗುಂಬಜಿನ ಬಾಗಿಲುಗಳಲ್ಲಿಯೂ ಕರಿಯ ಮರದ ಮೇಲೆ ದಂತದ ಬಳ್ಳಿಗಳು ಹಬ್ಬಿವೆ. ಶಿಲೆಯ ಮಾತಿಗೆ ಬಂದರೆ, 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಗೊಂಡ ಬಾಲರಾಮನ ಮೂರ್ತಿಯನ್ನು ಕೃಷ್ಣಶಿಲೆಯಲ್ಲಿ ಕಡೆದವರು ಮೈಸೂರಿನ ಅರುಣ್ ಯೋಗಿರಾಜ್. ಇಂಥ ನಗರದಲ್ಲಿ ಹುಟ್ಟಿ ಬೆಳೆದ ಜೈನ ವರ್ತಕರ ಮನೆತನವೊಂದಕ್ಕೆ ಎದುರಾದ ಒಂದು ಧರ್ಮಸಂಕಟವು ಬಸದಿಗಳ ಆಡಳಿತ ಮಂಡಳಿಗಳಿಗೂ ಗೃಹಸ್ಥರಿಗೂ ವಿಚಾರಯೋಗ್ಯವಾಗಿದೆ.

ಆ ವರ್ತಕರ ತಂದೆಯವರು ದೇವರಾಜ ಮಾರುಕಟ್ಟೆಯ ಸಮೀಪದ ಬೀದಿಯಲ್ಲಿ ಗಂಧದ ಹಾಗೂ ಬೀಟೆಮರದ ಕುಶಲ ವಸ್ತುಗಳ ಅಂಗಡಿಯನ್ನಿಟ್ಟಿದ್ದರು. ರಾತ್ರಿಭೋಜನ ತ್ಯಾಗ, ನೀರು ಸೋಸಿ ಕುಡಿಯುವ ನೇಮ, ಅಷ್ಟಮಿ ಚತುರ್ದಶಿಗಳ ಉಪವಾಸ ಇವುಗಳಲ್ಲಿ ಅವರು ಎಂದೂ ತಪ್ಪಿದವರಲ್ಲ. ಅವರ ಅಂಗಡಿಯಲ್ಲಿ ಬೀಟೆಮರದ ಪೆಟ್ಟಿಗೆಗಳು, ಮೇಜುಗಳು, ಗೋಡೆಯ ಫಲಕಗಳು ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಹೂಬಳ್ಳಿಗಳು, ನವಿಲುಗಳು, ಅಂಬಾರಿಯ ಮೆರವಣಿಗೆಗಳು ದಂತದಿಂದ ಆದವು. 1960ರ ದಶಕದಲ್ಲಿ ಅವರು ಮನೆಯ ಸ್ವಾಧ್ಯಾಯಕ್ಕೆಂದು ಒಂದು ಶಾಸ್ತ್ರಪೀಠವನ್ನು ಮಾಡಿಸಿದರು. ಅದರ ಮುಂಭಾಗದ ಫಲಕದಲ್ಲಿ ತೀರ್ಥಂಕರರ ಮಾತೆ ಕಂಡ ಹದಿನಾರು ಸ್ವಪ್ನಗಳು. ಮೊದಲನೆಯ ಸ್ವಪ್ನವಾದ ಬಿಳಿಯ ಆನೆ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಅಂದವಾದದ್ದು. ದಂತವನ್ನು ಅಷ್ಟು ತೆಳುವಾಗಿ ಸೀಳಿ, ಕಿವಿಯ ಮಡಿಕೆಯನ್ನೂ ಸೊಂಡಿಲ ಸುಕ್ಕನ್ನೂ ಗೀರಿ, ಗೀರಿನಲ್ಲಿ ಕಪ್ಪು ತುಂಬಿದ ಆ ಕೆಲಸವನ್ನು ನೋಡಿದವರು ಮೆಚ್ಚದೆ ಇರುತ್ತಿರಲಿಲ್ಲ.

ಕಾಲ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಆದ ತಿದ್ದುಪಡಿಯು ಭಾರತೀಯ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರ ತಿದ್ದುಪಡಿ ಆಫ್ರಿಕದಿಂದ ಬಂದ ದಂತಕ್ಕೂ ಬಾಗಿಲು ಹಾಕಿತು. ತಂದೆಯವರು ಕಾನೂನಿಗೆ ತಲೆಬಾಗಿ ದಂತದ ವ್ಯಾಪಾರವನ್ನು ಬಿಟ್ಟರು. ದಂತದ ವಸ್ತುಗಳನ್ನು ಇಟ್ಟುಕೊಂಡವರು ಘೋಷಿಸಿಕೊಳ್ಳಲು 2003ರಲ್ಲಿ ಸರ್ಕಾರ 180 ದಿನಗಳ ಅವಕಾಶವಿತ್ತಾಗ ಶಾಸ್ತ್ರಪೀಠವನ್ನು ಘೋಷಿಸಿ ಒಡೆತನದ ಪತ್ರವನ್ನೂ ಪಡೆದರು. ಅವರ ನಂತರ ಪೀಠವೂ ಪತ್ರವೂ ಮಗನ ಹೆಸರಿಗೆ ಬಂದವು. ಕಾಗದಪತ್ರಗಳ ದೃಷ್ಟಿಯಿಂದ ಯಾವ ದೋಷವೂ ಇರಲಿಲ್ಲ.

2023ರಲ್ಲಿ ಆ ವರ್ತಕರು ತಮ್ಮ ಬಸದಿಯ ಹೊಸ ಶ್ರುತಭಂಡಾರಕ್ಕೆ ಈ ಪೀಠವನ್ನು ತಂದೆಯವರ ಹೆಸರಿನಲ್ಲಿ ಸಮರ್ಪಿಸುವುದಾಗಿ ಮಾತುಕೊಟ್ಟರು. ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗಧರ್ಮದ ದಿನ ಸಮರ್ಪಣೆಯೆಂದು ನಿಶ್ಚಯವಾಯಿತು. ಆಡಳಿತ ಮಂಡಳಿಯವರಿಗೆ ಬಹಳ ಸಂತೋಷವಾಯಿತು. ದಾನಿಗಳ ಹೆಸರನ್ನು ಕೆತ್ತುವ ಫಲಕವೂ ಸಿದ್ಧವಾಯಿತು.

ಆ ದಿನಗಳಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನೆಲೆಸಿದ ಅವರ ಮಗಳು ಹತ್ತು ವರ್ಷದ ಹುಡುಗಿಯೊಡನೆ ತವರಿಗೆ ಬಂದಿದ್ದಳು. ಹುಡುಗಿ ತಾತನಿಗೆಂದು ಒಂದು ಕಾಣಿಕೆಯನ್ನು ತಂದಿದ್ದಳು. ಅದು ಗಾಳದ ಕೊಕ್ಕೆಯ ಆಕಾರದ, ಹಸಿರು ಕಲ್ಲಿನ ಪದಕ. ಆ ದೇಶದ ಮೂಲನಿವಾಸಿಗಳಾದ ಮಾವೊರಿ ಜನರು ಕೊರಳಲ್ಲಿ ಧರಿಸುವ ಆಭರಣವದು. ಅಂಗಡಿಯಲ್ಲಿ ಇದೇ ಆಕಾರದ ಮೂಳೆಯ ಪದಕಗಳೂ ಇದ್ದವಂತೆ. ಈಗ ಅವನ್ನು ಹೆಚ್ಚಾಗಿ ದನದ ಮೂಳೆಯಿಂದ ಮಾಡುತ್ತಾರೆಂದು ತಿಳಿದು, ತಾತ ಮುಟ್ಟಲಾರರೆಂದು ಹುಡುಗಿಯೇ ಕಲ್ಲಿನದನ್ನು ಆರಿಸಿಕೊಂಡಿದ್ದಳು. ಆ ವಿವೇಕಕ್ಕೆ ತಾತ ಹಿಗ್ಗಿದರು.

ಮಾವೊರಿ ಜನರು ಮರ, ಕಲ್ಲು, ಮೂಳೆ ಮೂರರಲ್ಲಿಯೂ ಕೆತ್ತನೆಯ ಪರಂಪರೆಯುಳ್ಳವರು. ಅವರ ಸಭಾಗೃಹಗಳ ಕಂಬಗಳಲ್ಲಿ ಪೂರ್ವಜರ ಮುಖಗಳು ಕೆತ್ತಲ್ಪಟ್ಟಿರುತ್ತವೆ. ಪೌನಾಮು ಎಂಬ ಹಸಿರು ಕಲ್ಲು ಅವರಿಗೆ ಕುಲಧನ. ದಕ್ಷಿಣ ದ್ವೀಪದ ಆ ಕಲ್ಲಿನ ಒಡೆತನವನ್ನು 1997ರ ಒಂದು ಕಾಯಿದೆ ಅಲ್ಲಿನ ನ್ಗಾಯ್ ತಾಹು ಕುಲಕ್ಕೆ ಮರಳಿಸಿತು. ದಡಕ್ಕೆ ಬಿದ್ದು ಸತ್ತ ತಿಮಿಂಗಿಲಗಳ ಮೂಳೆಯನ್ನು ಅವರು ಬಹುಕಾಲದಿಂದ ಕೆತ್ತನೆಗೆ ಬಳಸಿಕೊಂಡು ಬಂದಿದ್ದಾರೆ. ಅವರಲ್ಲಿ ರಾತಾ ಎಂಬ ವೀರನ ಕಥೆಯೊಂದಿದೆ. ದೋಣಿ ಮಾಡಲೆಂದು ರಾತಾ ಕಾಡಿನ ಒಡೆಯನ ಅಪ್ಪಣೆ ಬೇಡದೆ ಒಂದು ಮಹಾವೃಕ್ಷವನ್ನು ಕಡಿದುರುಳಿಸಿದ. ಮರುದಿನ ಬಂದು ನೋಡಿದರೆ ಮರ ಮೊದಲಿನಂತೆಯೇ ನಿಂತಿದೆ. ಪುನಃ ಕಡಿದ, ಪುನಃ ನಿಂತಿತು. ಅಡಗಿ ಕುಳಿತು ನೋಡಿದಾಗ ಕಾಡಿನ ಹಕ್ಕಿಗಳೂ ಹುಳುಗಳೂ ಗರಗರನೆ ಬಂದು, ಚಕ್ಕೆ ಚಕ್ಕೆಗಳನ್ನು ಕೂಡಿಸಿ ಮರವನ್ನು ಎತ್ತಿ ನಿಲ್ಲಿಸುತ್ತಿದ್ದುದು ಕಂಡಿತು. ಅವನು ನಾಚಿ ತಪ್ಪೊಪ್ಪಿಕೊಂಡ ಮೇಲೆಯೇ ಅವನಿಗೆ ದೋಣಿ ದೊರೆಯಿತು. ಹುಡುಗಿ ಶಾಲೆಯಲ್ಲಿ ಕೇಳಿ ಕಲಿತ ಈ ಕಥೆಯನ್ನು ತಾತನಿಗೆ ಹೇಳಿದಳು. ವನಸ್ಪತಿಗೂ ಜೀವವುಂಟೆಂದು ತಿಳಿದ ಜೈನ ಮನೆಯವರಿಗೆ ಅದು ಪರಕೀಯವಾಗಿ ತೋರಲಿಲ್ಲ.

ಅನಂತರ ಆ ಹುಡುಗಿ ಶಾಸ್ತ್ರಪೀಠದ ಮುಂದೆ ಕುಳಿತು ಬಿಳಿಯ ಆನೆಯ ಮೇಲೆ ಬೆರಳಾಡಿಸಿದಳು.

"ತಾತ, ಈ ಆನೆಯನ್ನು ಯಾವುದರಿಂದ ಮಾಡಿದ್ದಾರೆ?"

"ದಂತದಿಂದ, ಪುಟ್ಟಿ."

"ಯಾವ ಆನೆಯ ದಂತ?"

"ಸತ್ತುಹೋದ ಆನೆಯದು."

"ಅದು ಹೇಗೆ ಸತ್ತಿತು?"

ತಾತ ಉತ್ತರ ಹೇಳಲಿಲ್ಲ. ಹುಡುಗಿ ಆಟಕ್ಕೆ ಹೋದಳು. ಪ್ರಶ್ನೆ ಮಾತ್ರ ಪೀಠದ ಮುಂದೆ ಕುಳಿತೇ ಇತ್ತು.

ಅಂದು ರಾತ್ರಿ ಅವರು ಅಟ್ಟದ ಮೇಲಿದ್ದ ತಂದೆಯವರ ಹಳೆಯ ಕಿರ್ದಿ ಪುಸ್ತಕಗಳನ್ನು ಇಳಿಸಿದರು. ತಂದೆಯವರ ಕೈಬರಹ ಮುತ್ತಿನಂತಿತ್ತು. ದಂತ ಬಂದ ದಿನಾಂಕವಿತ್ತು, ತೂಕವಿತ್ತು, ದರವಿತ್ತು, ಮುಂಬಯಿಯಿಂದ ಬಂದ ಸರಕಿನ ಸಾಗಾಣಿಕೆಯ ವೆಚ್ಚವಿತ್ತು, ಪೈಸೆಯವರೆಗೆ ಲೆಕ್ಕವಿತ್ತು. ಆದರೆ ಆನೆ ಹೇಗೆ ಸತ್ತಿತೆಂಬ ಕಲಮು ಯಾವ ಪುಟದಲ್ಲಿಯೂ ಇರಲಿಲ್ಲ. ಜಮಾ ಖರ್ಚು ಎರಡೂ ತಾಳೆಯಾದ ಪುಸ್ತಕದಲ್ಲಿ ಒಂದು ಖಾತೆಯನ್ನೇ ತೆರೆದಿರಲಿಲ್ಲ.

ತಂದೆಯವರು ಕಪಟಿಗಳಾಗಿರಲಿಲ್ಲ. ಕಾಡಿನಲ್ಲಿ ತಾನಾಗಿ ಸತ್ತ ಆನೆಯ ದಂತ, ಸಾಕಿದ ಆನೆಗಳ ತುದಿ ಕತ್ತರಿಸಿದ ದಂತ ಎಂದು ಅವರು ನಂಬಿದ್ದರು. ಮಾರಿದವರು ಹಾಗೆ ಹೇಳಿದ್ದರು. ಅಂಥ ದಂತವೂ ಇತ್ತೆಂಬುದು ಸುಳ್ಳಲ್ಲ. ಆದರೆ ಆನೆಯ ದಂತದ ಮೂರನೆಯ ಒಂದು ಭಾಗದಷ್ಟು ತಲೆಬುರುಡೆಯೊಳಗೆ ಹುದುಗಿರುತ್ತದೆ, ಅದರ ಬುಡದಲ್ಲಿ ಜೀವವುಳ್ಳ ತಿರುಳಿರುತ್ತದೆ. ಬದುಕಿರುವ ಆನೆಯಿಂದ ಇಡಿಯ ದಂತವನ್ನು ಯಾರೂ ಬೇಡಿ ಪಡೆಯಲಾರರು. ದಂತಕ್ಕೆ ಪೇಟೆಯಲ್ಲಿ ದರ ನಿಗದಿಯಾದ ಮೇಲೆ ಬೇಟೆಗಾರನು ಆನೆ ಮುಪ್ಪಾಗಿ ಸಾಯುವವರೆಗೆ ಕಾಯುವುದಿಲ್ಲ. ಏಷ್ಯದ ಆನೆಗಳಲ್ಲಿ ಗಂಡಿಗೆ ಮಾತ್ರ ನೀಳವಾದ ದಂತ. ಆದುದರಿಂದ ದಂತದ ಬೇಟೆ ನಡೆದ ಕಾಡುಗಳಲ್ಲಿ ಗಂಡಾನೆಗಳೇ ಅಳಿಯುತ್ತ ಬಂದವು. ಕೇರಳದ ಪೆರಿಯಾರ್ ಅರಣ್ಯದಲ್ಲಿ ಒಂದು ಕಾಲಕ್ಕೆ ಪ್ರಾಯದ ಹೆಣ್ಣಾನೆಗಳು ನೂರಿದ್ದರೆ ಪ್ರಾಯದ ಗಂಡಾನೆ ಒಂದರಂತೆ ಉಳಿದಿತ್ತು. ಸಹಜವಾಗಿ ಸತ್ತ ಆನೆಯ ದಂತವನ್ನೂ ಕೊಂದ ಆನೆಯ ದಂತವನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಮುಳ್ಳು ಭೇದ ತೋರಿಸುವುದಿಲ್ಲ. ತಿಮಿಂಗಿಲ ತಾನಾಗಿ ದಡಕ್ಕೆ ಬಿದ್ದುದನ್ನು ಇಡೀ ಊರು ಕಣ್ಣಾರೆ ಕಂಡಿರುತ್ತದೆ. ಮುಂಬಯಿಯ ಗೋದಾಮಿನಲ್ಲಿ ಅಂಥ ಸಾಕ್ಷಿ ಯಾರೂ ಇರಲಿಲ್ಲ.

ಮರುದಿನ ಅವರು ಮಂಡಿ ಮೊಹಲ್ಲಾದಲ್ಲಿದ್ದ ವೃದ್ಧ ಕುಶಲಕರ್ಮಿಯೊಬ್ಬರನ್ನು ಕಾಣಲು ಹೋದರು. ಆ ಮುಸಲ್ಮಾನ ಮನೆತನದವರು ಮೂರು ತಲೆಮಾರಿನಿಂದ ಇನ್‌ಲೇ ಕೆಲಸದವರು. ಶಾಸ್ತ್ರಪೀಠದ ಆನೆಯನ್ನು ಕೊರೆದದ್ದು ಅವರ ತಂದೆ.

"ಸಾಬರೇ, ದಂತ ನಿಂತಾಗ ನಿಮಗೆಲ್ಲ ಬಹಳ ಕಷ್ಟವಾಗಿರಬೇಕು," ಎಂದರು ವರ್ತಕರು.

"ಆಯಿತು ಸಾಹುಕಾರ್ರೇ. ನಾಲ್ಕೈದು ವರ್ಷ ಕೈಗೆ ಸರಿಯಾದ ಕೆಲಸವಿರಲಿಲ್ಲ. ನನ್ನ ತಮ್ಮ ಉಳಿ ಕೆಳಗಿಟ್ಟು ಆಟೋ ಓಡಿಸಿದ. ನಿಮ್ಮ ತಂದೆಯವರು, ದೊಡ್ಡ ಸಾಹುಕಾರ್ರು, ಆ ದಿನಗಳಲ್ಲಿ ಮುಂಗಡ ಕೊಟ್ಟು ನಮ್ಮ ಒಲೆ ಆರದಂತೆ ನೋಡಿಕೊಂಡರು. ಅದನ್ನು ನಾನು ಮರೆಯುವವನಲ್ಲ," ಎಂದು ಅವರು ಹೇಳಿದರು. ಸ್ವಲ್ಪ ಸುಮ್ಮನಿದ್ದು ಮುಂದುವರಿಸಿದರು: "ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ದಂತ ಕೊಯ್ಯುವಾಗ ಹಲ್ಲು ಸುಟ್ಟಂಥ ವಾಸನೆ ಬರುತ್ತಿತ್ತು. ಚಿಕ್ಕವನಿದ್ದಾಗ ನನಗೆ ಊಟ ಸೇರುತ್ತಿರಲಿಲ್ಲ. ಮರಕ್ಕೆ ಆ ವಾಸನೆಯಿಲ್ಲ."

ಈಗ ಅವರ ಮಗ ಅದೇ ಜಗುಲಿಯಲ್ಲಿ ಕುಳಿತು ಕೆಲಸ ಮಾಡುತ್ತಾನೆ. ಚಿತ್ರವನ್ನು ಕಾಗದದಲ್ಲಿ ಬರೆದು, ಬೇರೆ ಬೇರೆ ಬಣ್ಣದ ಮರಗಳ ತೆಳುವಾದ ಹಾಳೆಗಳ ಮೇಲೆ ಅಂಟಿಸಿ, ಸಣ್ಣ ಗರಗಸದಿಂದ ತುಂಡು ತುಂಡಾಗಿ ಕೊಯ್ಯುತ್ತಾನೆ. ಆ ತುಂಡುಗಳು ಕೂರುವಷ್ಟೇ ಆಳಕ್ಕೆ ಬೀಟೆಯ ಹಲಗೆಯನ್ನು ಉಳಿಯಿಂದ ತೋಡಿ, ಅಂಟುಹಾಕಿ ಕೂಡಿಸಿ, ಉಪ್ಪುಕಾಗದದಿಂದ ಉಜ್ಜಿ ಪಾಲಿಷ್ ಕೊಡುತ್ತಾನೆ. ಹಳದಿಗೆ ಹಲಸು, ಕಪ್ಪಿಗೆ ಬೀಟೆ. ಬಣ್ಣ ಬಳಿಯುವುದಿಲ್ಲ, ಮರದ ಬಣ್ಣವೇ ಚಿತ್ರದ ಬಣ್ಣ. ಅಚ್ಚ ಬಿಳುಪು ಬೇಕೆಂದವರಿಗೆ ಪ್ಲಾಸ್ಟಿಕ್ಕಿನ ಹಾಳೆ. ದಂತ ನಿಂತುದರಿಂದ ಕಲೆ ಸಾಯಲಿಲ್ಲ. ಮೈಸೂರಿನ ಬೀಟೆಮರದ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದು ದಂತದ ಕಾಲದಲ್ಲಲ್ಲ, ದಂತವನ್ನು ಬಿಟ್ಟ ನಂತರ. ಆದರೆ ಆ ನಡುವಿನ ನಾಲ್ಕೈದು ವರ್ಷಗಳ ಹಸಿವನ್ನು ಹೊತ್ತವರು ಕೊಂಡವರೂ ಅಲ್ಲ, ಮಾರಿದವರೂ ಅಲ್ಲ, ಕೆತ್ತಿದವರು. ಅಹಿಂಸೆಯನ್ನು ಕುರಿತು ಮಾತನಾಡುವವರು ಈ ಖಾತೆಯನ್ನೂ ತೆರೆಯಬೇಕು.

ವರ್ತಕರು ಆಡಳಿತ ಮಂಡಳಿಯ ಸಭೆ ಕರೆಯುವಂತೆ ಕೋರಿ, ತಮ್ಮ ಸಂಶಯವನ್ನು ಸಭೆಯ ಮುಂದಿಟ್ಟರು. ಸಭೆಯಲ್ಲಿ ಮೂರು ಬಗೆಯ ಮಾತು ಬಂತು.

ಮೊದಲನೆಯವರು, "ಕಲ್ಲನ್ನು ಸೀಳುವುದೂ ಮರವನ್ನು ಕಡಿಯುವುದೂ ಅದೇ ಪಟ್ಟಿಯಲ್ಲಿವೆಯಲ್ಲ? ಹಾಗಾದರೆ ಜಿನಬಿಂಬವನ್ನು ಯಾವುದರಿಂದ ಮಾಡಬೇಕು?" ಎಂದು ಕೇಳಿದರು. ಪ್ರಶ್ನೆ ಹಗುರವಾದುದಲ್ಲ. ಆದರೆ ಜೈನ ಸಿದ್ಧಾಂತವು ಎಲ್ಲ ಹಿಂಸೆಯನ್ನೂ ಒಂದೇ ತೂಕಕ್ಕೆ ಹಾಕುವುದಿಲ್ಲ. ಪೃಥ್ವೀಕಾಯ, ವನಸ್ಪತಿಕಾಯಗಳು ಏಕೇಂದ್ರಿಯ ಜೀವಗಳು. ಗೃಹಸ್ಥನಿಗೆ ಅವುಗಳ ಹಿಂಸೆ ಸಂಪೂರ್ಣವಾಗಿ ತಪ್ಪದು; ಮಿತಿಗೊಳಿಸಬೇಕಾದುದು ಅವನ ಕರ್ತವ್ಯ. ಆನೆಯೋ ಮನಸ್ಸುಳ್ಳ ಪಂಚೇಂದ್ರಿಯ ಜೀವಿ. ಭಗವಾನ್ ಪಾರ್ಶ್ವನಾಥರು ಹಿಂದಿನ ಒಂದು ಜನ್ಮದಲ್ಲಿ ವಜ್ರಘೋಷವೆಂಬ ಆನೆಯಾಗಿದ್ದರು. ಅರವಿಂದ ಮುನಿಯ ಉಪದೇಶದಿಂದ ಅಣುವ್ರತಗಳನ್ನು ಸ್ವೀಕರಿಸಿ, ಒಣಗಿದ ಎಲೆಗಳನ್ನು ತಿಂದು ಬದುಕಿದರೆಂದು ಪುರಾಣ ಹೇಳುತ್ತದೆ. ವ್ರತ ಹಿಡಿಯಬಲ್ಲ ಜೀವ ಎಂದರೆ ಶ್ರಾವಕನಾಗಬಲ್ಲ ಜೀವ. ಅದರ ಹಲ್ಲಿನಿಂದ ಶಾಸ್ತ್ರಪೀಠವನ್ನು ಅಲಂಕರಿಸುವುದು ಎಂದರೇನು? ಶಿಲೆಯ ವಿಚಾರದಲ್ಲಿಯೂ ಪರಂಪರೆ ಎಚ್ಚರಿಕೆ ಕೊಟ್ಟೇ ಇದೆ. ಚಾವುಂಡರಾಯನು 981ರ ಸುಮಾರಿನಲ್ಲಿ ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟನನ್ನು ಕಡೆಯಿಸಿದಾಗ, ಶಿಲ್ಪಿ ಕಲ್ಲಿನ ಚಕ್ಕೆಗಳ ತೂಕಕ್ಕೆ ಸಮನಾಗಿ ಹೊನ್ನು ಬೇಡಿದನೆಂದೂ, ಆ ಹೊನ್ನು ಅವನ ಕೈಗೇ ಅಂಟಿಕೊಂಡಿತೆಂದೂ, ತಾಯಿಯ ಮಾತಿನಿಂದ ಲೋಭವನ್ನು ಬಿಟ್ಟ ಮೇಲೆಯೇ ಕೈ ಬಿಡುಗಡೆಯಾಯಿತೆಂದೂ ಜನ ಕಥೆ ಹೇಳುತ್ತಾರೆ. ಕಲ್ಲಿನ ಕೆಲಸವೂ ಲೋಭವಿದ್ದರೆ ಕೈಗೆ ಅಂಟುತ್ತದೆ.

ಎರಡನೆಯವರು, "ಆ ಆನೆ ಸತ್ತು ಅರುವತ್ತು ವರ್ಷವಾಯಿತು. ಪೀಠವನ್ನು ತಿರಸ್ಕರಿಸಿದರೆ ಅದು ಬದುಕುವುದೇ? ಅರಮನೆಯ ಬಾಗಿಲನ್ನೂ ಕೀಳಿಸಬೇಕೇ?" ಎಂದರು. ಅರಮನೆಯ ಬಾಗಿಲು ಇತಿಹಾಸ. ನೋಡಿದವನು ಒಂದು ಕಾಲದ ಕೌಶಲವನ್ನೂ ಆ ಕಾಲದ ಕುರುಡನ್ನೂ ಒಟ್ಟಿಗೇ ನೋಡಬಹುದು. ಬಸದಿಯಲ್ಲಿಟ್ಟ ವಸ್ತುವಾದರೋ ಆದರ್ಶ. ಮಕ್ಕಳು ಅದಕ್ಕೆ ಕೈಮುಗಿಯುತ್ತಾರೆ. ಹಿಂಸೆಯನ್ನು ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಮೂರೂ ಬಂಧಕ್ಕೆ ಕಾರಣವೆಂದು ಶಾಸ್ತ್ರ ಹೇಳುವಾಗ, ಸತ್ತ ಆನೆ ಮರಳಿ ಬರುವುದಿಲ್ಲವೆಂಬುದು ಅನುಮೋದನೆಗೆ ಸಮಾಧಾನವಾಗದು. ವಿಜಯದಶಮಿಯಂದು ಚಿನ್ನದ ಅಂಬಾರಿ ಹೊತ್ತ ಆನೆಗೆ ಪುಷ್ಪವೃಷ್ಟಿ ಮಾಡುವ ನಗರ ಇದು. 2023ರ ಗಣತಿಯ ಅಂದಾಜಿನಲ್ಲಿ ಕರ್ನಾಟಕದ ಕಾಡುಗಳಲ್ಲಿ 6,395 ಆನೆಗಳಿದ್ದವು. ದೇಶದಲ್ಲಿಯೇ ಅತಿ ಹೆಚ್ಚು. ಮೈಸೂರಿಗೆ ಸಮೀಪದ ನಾಗರಹೊಳೆ ಬಂಡೀಪುರಗಳಲ್ಲಿ ಅವು ಓಡಾಡುತ್ತಿರುವುದು, ದಂತಕ್ಕೆ ಇದ್ದ ಮರ್ಯಾದೆ ಇಳಿದುದರಿಂದಲೂ ಹೌದು.

ಮೂರನೆಯವರು ತಗ್ಗಿದ ದನಿಯಲ್ಲಿ, "ಇದನ್ನು ತಿರಸ್ಕರಿಸಿದರೆ ನಿಮ್ಮ ತಂದೆಯವರ ಹೆಸರಿಗೆ ಕುಂದು ಬರುತ್ತದೆ," ಎಂದರು. ವರ್ತಕರನ್ನು ನಿಜವಾಗಿ ಕಾಡಿದ್ದು ಈ ಮಾತು. ಬಹಳ ಹೊತ್ತು ಸುಮ್ಮನಿದ್ದು ಅವರು, "ತಂದೆಯವರು ತಿಳಿಯದೆ ಮಾಡಿದರು. ನನಗೆ ತಿಳಿದಿದೆ. ತಿಳಿದೂ ಅವರ ಹೆಸರನ್ನು ಇದರ ಮೇಲೆ ಕೆತ್ತಿಸಿದರೆ ಕುಂದು ತಂದವನು ನಾನಾಗುತ್ತೇನೆ," ಎಂದರು.

ಪೀಠವನ್ನು ಮಾರುವಂತಿರಲಿಲ್ಲ, ಕಾನೂನು ಒಪ್ಪದು, ಒಪ್ಪಿದ್ದರೂ ಅದು ದಂತವಾಣಿಜ್ಯವೇ. 1989ರಲ್ಲಿ ಕೆನ್ಯ ದೇಶವು ಹನ್ನೆರಡು ಟನ್ ದಂತವನ್ನು ಜಗತ್ತಿನ ಕಣ್ಣೆದುರು ಸುಟ್ಟಿತ್ತೆಂದು ಒಬ್ಬ ತರುಣ ಸದಸ್ಯ ನೆನಪಿಸಿದ. ಆದರೆ ಕುಶಲಕರ್ಮಿಯ ಕೈಕೆಲಸವನ್ನು ಬೆಂಕಿಗೆ ಹಾಕಲು ವರ್ತಕರ ಮನಸ್ಸು ಒಪ್ಪಲಿಲ್ಲ. ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿತ್ತು. ಒಡೆತನದ ಪತ್ರವುಳ್ಳವರು ಅಂಥ ವಸ್ತುವನ್ನು ಇಟ್ಟುಕೊಳ್ಳಲು ಇಚ್ಛಿಸದಿದ್ದರೆ, ಯಾವ ಪರಿಹಾರವನ್ನೂ ಪಡೆಯದೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಒಪ್ಪಿಸಲು ಅದರಲ್ಲಿ ಅವಕಾಶವಿದೆ. ಉತ್ತಮ ತ್ಯಾಗಧರ್ಮದ ದಿನ ಬಸದಿಯಲ್ಲಿ ಸಮರ್ಪಣೆ ನಡೆಯಲಿಲ್ಲ. ಅದರ ಬದಲು ಇಲಾಖೆಗೆ ಬರೆದ ನೋಟೀಸಿಗೆ ಅವರು ಸಹಿ ಹಾಕಿದರು. ಕೆಲವು ತಿಂಗಳ ನಂತರ ಪೀಠ ಮನೆಯಿಂದ ಹೋಯಿತು. ಅಂದು ಅವರು ಊಟ ಮಾಡಲಿಲ್ಲವೆಂದು ಮನೆಯವರು ಹೇಳುತ್ತಾರೆ.

ಶ್ರುತಭಂಡಾರಕ್ಕೆ ಹೊಸ ಪೀಠವೊಂದು ಬಂದಿದೆ. ಬಂಧುಗಳ ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನ ಮರದಿಂದ, ಮಂಡಿ ಮೊಹಲ್ಲಾದ ಅದೇ ಮನೆತನದ ಮಗನ ಕೈಯಿಂದ, ಅವನು ಕೇಳಿದ ಪೂರ್ಣ ಮಜೂರಿಗೆ ಅದನ್ನು ಮಾಡಿಸಲಾಗಿದೆ. ಹದಿನಾರು ಸ್ವಪ್ನಗಳೂ ಇವೆ. ಪ್ಲಾಸ್ಟಿಕ್ ಬೇಡವೆಂದುದರಿಂದ ಆನೆಗೆ ತಿಳಿಬಣ್ಣದ ಮರವೊಂದನ್ನು ಬಳಸಿದ್ದಾನೆ. ಅದು ಹಳೆಯ ಆನೆಯಷ್ಟು ಬೆಳ್ಳಗಿಲ್ಲ, ಕೊಂಚ ಹಳದಿಗೆ ತಿರುಗಿದೆ. ದಾನಿಗಳ ಹೆಸರಿನ ಫಲಕವನ್ನು ಹಾಕಿಲ್ಲ.

ಆಶಾಧರರು ಆ ಹದಿನೈದು ವೃತ್ತಿಗಳನ್ನು ಹೇಳಿ, ಲೋಕದಲ್ಲಿ ಪಾಪದ ವೃತ್ತಿಗಳು ಎಣಿಕೆಗೆ ಸಿಗದಷ್ಟಿರುವಾಗ ಹದಿನೈದೆಂದು ಪಟ್ಟಿ ಮಾಡುವುದು ಸಾಲದೆಂಬ ಅರ್ಥದ ಮಾತನ್ನೂ ಸೇರಿಸಿದ್ದಾರೆ. ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳು ಇಂದು ದಂತವೊಂದನ್ನೇ ನೋಡಿದರೆ ಸಾಲದು. ರೇಷ್ಮೆ, ಚರ್ಮದ ವಾದ್ಯ, ಕಾಡಿನ ಮರ, ಅಮೃತಶಿಲೆ ಇವುಗಳಲ್ಲಿ ಯಾವುದು ಬಂದರೂ ದಾನಿಯ ಹೆಸರನ್ನು ಬರೆದುಕೊಳ್ಳುವ ಮುನ್ನ ವಸ್ತುವಿನ ಹುಟ್ಟನ್ನು ಕೇಳಿ ಬರೆದುಕೊಳ್ಳಬೇಕು. ರಸೀತಿ ಪುಸ್ತಕದಲ್ಲಿ ಒಂದು ಕಲಮು ಹೆಚ್ಚಿಸಿದರೆ ಸಾಕು.

ಕಳೆದ ವರ್ಷ ಹುಡುಗಿ ಆಕ್ಲೆಂಡಿನಿಂದ ಫೋನಿನಲ್ಲಿ ಹೊಸ ಪೀಠದ ಚಿತ್ರವನ್ನು ನೋಡಿ, "ತಾತ, ಈ ಆನೆ ಯಾವುದರಿಂದ?" ಎಂದು ಕೇಳಿದಳಂತೆ. ಮರ ಯಾವುದು, ಎಲ್ಲಿ ಬೆಳೆದಿತ್ತು, ಹೇಗೆ ಬಿದ್ದಿತು, ಯಾರು ಕೊಯ್ದರು, ಅವರಿಗೆ ಎಷ್ಟು ಕೊಟ್ಟಿತು ಎಂದು ತಾತ ಒಂದೊಂದಾಗಿ ಹೇಳಿದರು. ಎಲ್ಲಿಯೂ ತಡವರಿಸಲಿಲ್ಲ.